ಸ್ನೋಮ್ಯಾನ್‌ಗೂ ಆಚಾರಿ ಬೇಕಾ?

ನಮ್ಮ ಕಡೆ ಮರದ ಕೆಲಸ ಅಂದರೆ ಆಚಾರಿಗೆ ಹೇಳಿ ಕಳಿಸಬೇಕು. ಮಂಚದ ಕಾಲು ಅಲ್ಲಾಡಿದರೂ ಅವರೇ, ಬಾಗಿಲು ಮಳೆಗೆ ಉಬ್ಬಿದರೂ ಅವರೇ. ಮನೆಯವರು ಪಕ್ಕದಲ್ಲಿ ನಿಂತು ಸಲಹೆ ಕೊಡುತ್ತಾರೆ, ಕಾಫಿ ಕೊಡುತ್ತಾರೆ, ಅಷ್ಟೇ. ಇಲ್ಲಿ ಅಮೆರಿಕದಲ್ಲಿ ಹಾಗಲ್ಲ. ಚಳಿ ಶುರುವಾಗುವ ಹೊತ್ತಿಗೆ ಶಾಲೆಯ ಮೇಷ್ಟ್ರು, ನರ್ಸು, ಬ್ಯಾಂಕಿನವರು ಎಲ್ಲರೂ ಗ್ಯಾರೇಜಿನಲ್ಲಿ ಗರಗಸ ಹಿಡಿದಿರುತ್ತಾರೆ. ಕ್ರಿಸ್‌ಮಸ್‌ಗೆ ಮನೆ ಮುಂದಿನ ಹುಲ್ಲಿನ ಮೇಲೆ ಮರದ ಸ್ನೋಮ್ಯಾನೋ ಜಿಂಕೆಯೋ ನಿಲ್ಲಬೇಕಲ್ಲ! ಹತ್ತಿರ ಹೋಗಿ ನೋಡಿದರೆ ಕೆಲಸ ಅಷ್ಟಕ್ಕಷ್ಟೇ. ಆದರೆ ಯಾರಿಗೂ ಸಂಕೋಚವಿಲ್ಲ. ಅದು ನನಗೆ ಇಷ್ಟ.

ಇವರ ಕೈಚಳಕ ನಮಗಿಂತ ಜಾಸ್ತಿ ಅಂತಲ್ಲ. ಮರವೇ ಅರ್ಧ ಕೆಲಸ ಮುಗಿಸಿಕೊಂಡು ಅಂಗಡಿಗೆ ಬಂದಿರುತ್ತದೆ. ನಮ್ಮಲ್ಲಿ ಸಾಮಿಲ್‌ಗೆ ಹೋಗಿ, ಘನ ಅಡಿ ಲೆಕ್ಕದಲ್ಲಿ ಕೊಂಡು, ಸೀಳಿಸಿ, ಕೀಸುಳಿ ಹಾಕಿದ ಮೇಲೇ ಹಲಗೆ ಹಲಗೆಯಾಗುವುದು. ಹೊಸಬ ಅಲ್ಲೇ ಸುಸ್ತು. ಇಲ್ಲಿ ಅಳತೆಗೆ ಕೊಯ್ದು ನಯ ಮಾಡಿದ್ದು ಸಿಗುತ್ತದೆ. ಹೆಸರನ್ನು ಮಾತ್ರ ನಂಬಬೇಡಿ: ‘ಟೂ ಬೈ ಫೋರ್’ ಅನ್ನುವ ಪಟ್ಟಿ ನಿಜಕ್ಕೂ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ಉಪಕರಣಕ್ಕೆ ದುಡ್ಡು ಸುರಿಯಲೇಬೇಕು ಅಂತಲೂ ಇಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಾರ್ವಜನಿಕ ಗ್ರಂಥಾಲಯ 1979ರಿಂದ ಉಪಕರಣಗಳನ್ನೂ ಪುಸ್ತಕದ ಹಾಗೆ ಎರವಲು ಕೊಡುತ್ತಿದೆ. ಅಂಥ ಗ್ರಂಥಾಲಯಗಳು ಬೇರೆ ಊರುಗಳಲ್ಲೂ ಇವೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಬೇಲಿಗೆ ಬಳಸುವ ಸೀಡರ್ ಮರದ ಹಲಗೆಗೆ ಬಿಳಿ ಬಣ್ಣ ಬಳಿದ ಚಪ್ಪಟೆ ಸ್ನೋಮ್ಯಾನ್. ಆರಡಿ ಉದ್ದ, ಸುಮಾರು ಐದೂವರೆ ಇಂಚು ಅಗಲದ ಮೂರು ಹಲಗೆ ಸಾಕು. ತೇವ ಇದ್ದರೆ ಕೆಲವು ದಿನ ನೆರಳಲ್ಲಿ ಆರಲು ಬಿಡಿ. ಮೂರನ್ನೂ ನಾಲ್ಕಡಿಗೆ ಕೊಯ್ದು, ನಡುವೆ ಕಾಲು ಇಂಚು ಸಂದು ಬಿಟ್ಟು ಪಕ್ಕಪಕ್ಕ ಮಲಗಿಸಿ. ಉಳಿದ ಎರಡಡಿಯ ತುಂಡುಗಳಲ್ಲಿ ಎರಡನ್ನು ಸ್ನೋಮ್ಯಾನ್‌ನ ಅಗಲಕ್ಕೆ ಕೊಯ್ದರೆ ಹಿಂದುಗಡೆಯ ಅಡ್ಡಪಟ್ಟಿ, ಮೂರನೆಯದು ಮುಂದೆ ಟೋಪಿಯ ಅಂಚು. ಹೆಚ್ಚೇನೂ ದಂಡವಿಲ್ಲ. ಎರಡು ಹಲಗೆ ಸೇರಿದರೆ ದಪ್ಪ ಸುಮಾರು ಒಂದೂಕಾಲು ಇಂಚು. ಹಾಗಾಗಿ ಒಂದಿಂಚಿನ ಸ್ಕ್ರೂ ಹಾಕಿ, ಇಲ್ಲದಿದ್ದರೆ ಮೊನೆ ಆಚೆ ಬಂದು ಸ್ನೋಮ್ಯಾನ್‌ನ ಹೊಟ್ಟೆಯಲ್ಲಿ ಇಣುಕುತ್ತದೆ. ಸ್ಕ್ರೂ ಹೊರಗಡೆಯ ಬಳಕೆಯದ್ದೇ ಇರಲಿ. ಮೊದಲು ಸಣ್ಣ ತೂತು ಕೊರೆಯಿರಿ. ಸೀಡರ್ ಮೆತ್ತಗೆ, ತುದಿಯಲ್ಲಿ ಬೇಗ ಸೀಳುತ್ತದೆ.

ಬಣ್ಣದ ವಿಷಯದಲ್ಲಿ ಮಾತ್ರ ಅಮೆರಿಕದ ಅವಸರ ಬೇಡ. ಸೀಡರ್‌ನಲ್ಲಿರುವ ಕಂದು ಒಗರು ನೀರಿನಲ್ಲಿ ಕಲಸಿದ ಬಣ್ಣದ ಮೂಲಕ ಮೇಲೆದ್ದು ಬರುತ್ತದೆ. ಗಂಟುಗಳ ಹತ್ತಿರವಂತೂ ಬಿಳಿ ಬಣ್ಣದ ಮೇಲೆ ಚಹಾ ಚೆಲ್ಲಿದ ಹಾಗೆ ಕಾಣುತ್ತದೆ. ಕಲೆ ತಡೆಯುವ ಪ್ರೈಮರ್ ಮೊದಲು ಹಚ್ಚಿ. ಹಲಗೆಯ ಕೊಯ್ದ ತುದಿಗಳಿಗೆ ಇನ್ನೊಂದು ಕೈ ಜಾಸ್ತಿ, ನೀರು ಹೀರುವುದು ಅಲ್ಲೇ. ಲೇಟೆಕ್ಸ್ ಅನ್ನುವ ಈ ಸಾಮಾನ್ಯ ನೀರು ಬೆರೆತ ಬಣ್ಣ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (10 ಡಿಗ್ರಿ ಸೆಲ್ಸಿಯಸ್) ಕೆಳಗೆ ಸರಿಯಾಗಿ ಕೂರುವುದಿಲ್ಲ. ಹಿಮ ಬೀಳುವ ರಾಜ್ಯಗಳಲ್ಲಿ ಡಿಸೆಂಬರ್‌ವರೆಗೆ ಕಾದರೆ ಕೆಲಸ ಕೆಟ್ಟಂತೆ. ಹಲಗೆ ಆರಿಸುವಾಗಲೂ ಅವಸರ ಬೇಡ, ಇಲ್ಲೇ ನಮ್ಮ ಆಚಾರಿ ನೆನಪಾಗುವುದು. ಗರಗಸ ಮುಟ್ಟುವ ಮೊದಲು ಅವರು ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡುತ್ತಾರೆ. ಬಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಅಂಗಡಿಯಲ್ಲೇ ಹೀಗೆ ನೋಡಿ ಹಲಗೆ ಆರಿಸಿ. ಇಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ನಿಲ್ಲಿಸಲು ಹಿಂದೆ ಎರಡು ಕಬ್ಬಿಣದ ಸಲಾಕೆ ಸಾಕು. ನೆಲ ಹೆಪ್ಪುಗಟ್ಟುವ ಮೊದಲೇ ಹೊಡೆಯಿರಿ. ನೆಲದಡಿ ತಂತಿ, ಗ್ಯಾಸ್ ಪೈಪು ಎಲ್ಲಿದೆ ಅಂತ ತಿಳಿಯಲು 811ಕ್ಕೆ ಮುಂಚೆಯೇ ಕರೆ ಮಾಡಿ, ಸೇವೆ ಉಚಿತ. ಬಡಾವಣೆಯ ಸಂಘವಿದ್ದರೆ ಅಲಂಕಾರ ಯಾವಾಗ ತೆಗೆಯಬೇಕು ಅನ್ನುವ ನಿಯಮವನ್ನೂ ಓದಿಕೊಳ್ಳಿ.

ನಮ್ಮ ಹಬ್ಬದ ಅಲಂಕಾರ ಹೊಸದಾಗಿ ಹುಟ್ಟಿ ಬಾಡುವಂಥದ್ದು. ತೋರಣ ಒಣಗುತ್ತದೆ, ರಂಗೋಲಿ ಅಳಿಸುತ್ತದೆ, ಮತ್ತೆ ಹಾಕುತ್ತೇವೆ. ಇಲ್ಲಿ ಅದೇ ಸ್ನೋಮ್ಯಾನ್ ವರ್ಷವರ್ಷ ಹೊರಬರುತ್ತಾನೆ. ಎತ್ತಿಡುವ ಜಾಗದ ಯೋಚನೆ ಮಾಡದೆ ಉಬ್ಬುಹೊಟ್ಟೆಯ ದೊಡ್ಡ ಬೊಂಬೆ ಮಾಡಿಕೊಂಡವರು ಜನವರಿಯಲ್ಲಿ ಗ್ಯಾರೇಜು ತುಂಬಿ ಕಾರನ್ನು ರಸ್ತೆಯಲ್ಲಿ ನಿಲ್ಲಿಸಬೇಕಾಗುತ್ತದೆ. ಚಪ್ಪಟೆಯಾದದ್ದು ಗೋಡೆಗೆ ಒರಗಿ ನಿಲ್ಲುತ್ತದೆ. ಹೊಸಬರಿಗೆ ಅದನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಊರಲ್ಲಿ ಮನೆ ಕಟ್ಟಿಸಿದರೆ ಹೊಸ್ತಿಲನ್ನು ನಾನೇ ಕೂರಿಸುತ್ತೇನಾ? ಇಲ್ಲಪ್ಪ. ಆಚಾರಿಗೇ ಹೇಳಿ ಕಳಿಸುತ್ತೇನೆ. ಆದರೆ ಈ ಸಲ ಪಕ್ಕದಲ್ಲಿ ನಿಂತು ಸಲಹೆ ಕೊಡುವುದು ಸ್ವಲ್ಪ ಕಡಿಮೆ ಇರುತ್ತದೆ.