ಕೆನಡಾಕ್ಕೆ ಕಾಶಿಯಾತ್ರೆ

ಮದುವೆಮನೆಯಲ್ಲಿ ಕಾಶಿಯಾತ್ರೆ ನೋಡಿದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಹುಡುಗ ಕಚ್ಚೆಪಂಚೆ ಉಟ್ಟು, ಕೊಡೆ ಬಿಚ್ಚಿ, ಕೈಯಲ್ಲೊಂದು ಕೋಲು ಹಿಡಿದು ‘ಸಂಸಾರ ಬೇಡ, ಕಾಶಿಗೆ ಹೊರಟೆ’ ಅನ್ನುತ್ತಾನೆ. ಚಪ್ಪರದ ಕಂಬದ ತನಕ ಹೋಗುತ್ತಾನೆ. ಹೆಣ್ಣಿನ ಕಡೆಯವರು ಅಡ್ಡ ಬಂದು, ಬೆಲ್ಲದ ಪಾನಕ ಕೊಟ್ಟು, ವಾಪಸು ಕರೆತರುತ್ತಾರೆ. ಕಾಶಿಗೆ ರೈಲು ಟಿಕೆಟ್ ತೆಗೆಸಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವನು ಅಧಿಕಪ್ರಸಂಗಿ.

ಅಮೆರಿಕ ಇದೇ ಶಾಸ್ತ್ರವನ್ನು ಬೇಸಿಗೆ ಪೂರ್ತಿ ವಾರವಾರವೂ ಮಾಡುತ್ತದೆ. ಒಂದೊಂದು ಸಲಕ್ಕೆ ಮೂರ್ನಾಲ್ಕು ಸಾವಿರ ಮದುಮಕ್ಕಳು. ನಮ್ಮ ಕಾಶಿಯಾತ್ರೆಗೂ ಅದಕ್ಕೂ ವ್ಯತ್ಯಾಸ ಇಷ್ಟೇ: ಅಲ್ಲಿ ಚಪ್ಪರದ ಕಂಬ ಮುಟ್ಟಲು ವೀಸಾ ಬೇಕು.

ಮಗ ಸಿಯಾಟಲ್ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. “ಅಪ್ಪ, ಆಗಸ್ಟಿನಲ್ಲಿ ನೀವಿಬ್ಬರೂ ಬನ್ನಿ, ಅಲಾಸ್ಕಾ ಕ್ರೂಸ್ ಬುಕ್ ಮಾಡಿದೀನಿ, ಏಳು ರಾತ್ರಿ” ಎಂದ. ಇವಳು ಆಗಲೇ ಉಣ್ಣೆ ಟೋಪಿ ಹುಡುಕಲು ಶುರು ಮಾಡಿದ್ದಳು. ಆಮೇಲೆ ಫೋನ್ ಇಡುವ ಹೊತ್ತಿಗೆ, “ಅಂದ್ಹಾಗೆ, ಕೆನಡಾ ವೀಸಾನೂ ಮಾಡಿಸಬೇಕು” ಅಂತ ಬಾಲಂಗೋಚಿ ಸೇರಿಸಿದ.

ಸಿಯಾಟಲ್ ಅಮೆರಿಕದ್ದು. ಅಲಾಸ್ಕಾವನ್ನು 1867ರಲ್ಲೇ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡುಕೊಂಡಿದ್ದಾರೆ, ಅದೂ ಅಮೆರಿಕದ್ದೇ. ಮಧ್ಯೆ ಈ ಕೆನಡಾ ಎಲ್ಲಿಂದ ಬಂತು ಮಾರಾಯ ಎಂದೆ. “ಬರ್ತಾ ಸ್ವಲ್ಪ ಮುಟ್ಟಿಸ್ಕೊಂಡು ಬರ್ತಾರೆ ಅಪ್ಪ, ವಿಕ್ಟೋರಿಯಾ ಅಂತ ಊರು. ರಾತ್ರಿ ಎಂಟಕ್ಕೆ ನಿಲ್ಸಿ ಹನ್ನೆರಡಕ್ಕೆ ಹೊರಡ್ತಾರೆ.” ಹಾಗಾದರೆ ನಾವು ಇಳಿಯೋದೇ ಬೇಡ, ಮಲಗಿರ್ತೀವಿ ಎಂದೆ. ಮಲಗಿದರೂ ವೀಸಾ ಬೇಕಂತೆ. ಸಿಯಾಟಲ್‌ನಲ್ಲಿ ಹಡಗು ಹತ್ತುವಾಗಲೇ ತೋರಿಸಬೇಕಂತೆ. ಇಲ್ಲದಿದ್ದರೆ ಹಡಗು ಹೋಗುತ್ತದೆ, ದುಡ್ಡೂ ಹೋಗುತ್ತದೆ, ನಾವು ಮಾತ್ರ ಅಲ್ಲೇ ಇರುತ್ತೇವೆ. ಅಮೆರಿಕ ವೀಸಾ ಇದೆಯಲ್ಲ ಎಂದು ನಂಬಿ ದಂಡೆಯಿಂದ ವಾಪಸಾದ ಅಪ್ಪ-ಅಮ್ಮಂದಿರ ಕಥೆ ಮಗನ ಆಫೀಸಿನಲ್ಲೇ ಎರಡು ಇದ್ದವು. ಅಲಾಸ್ಕಾಕ್ಕೆ ಹೊರಟವರಿಗೆ ನನ್ನ ಮೊದಲನೆಯ ಸಲಹೆ ಇದೇ: ಸ್ವೆಟರ್ ಆಮೇಲೆ ಕೊಳ್ಳಿ, ಕೆನಡಾ ವೀಸಾಕ್ಕೆ ಈಗಲೇ ಹಾಕಿ.

ಹಾಕಿದೆವು. ಅರ್ಜಿಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಇಬ್ಬರಿಗೂ ಸೇರಿ ಇಪ್ಪತ್ತು ಸಾವಿರ ರೂಪಾಯಿ ದಾಟಿತು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಂಚಣಿ ಪತ್ರ, ಮದುವೆ ಸರ್ಟಿಫಿಕೇಟು ಎಲ್ಲ ಜೋಡಿಸಿದೆ. ಕೆನಡಾದಲ್ಲೇ ಉಳಿದುಬಿಡುವುದಿಲ್ಲ, ಊರಲ್ಲಿ ಕಟ್ಟಿಹಾಕುವಂಥದ್ದು ಏನೋ ಇದೆ ಎಂದು ತೋರಿಸಬೇಕಂತೆ. ತೀರ್ಥಹಳ್ಳಿ ಕಡೆಯ ನಮ್ಮ ಎರಡೆಕರೆ ಅಡಿಕೆ ತೋಟದ ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿ ಸೀಲು ಒತ್ತಿಸಿ ಇಟ್ಟೆ. ಬರುವ ದಿನ, ಹೋಗುವ ದಿನ ಎರಡಕ್ಕೂ ಒಂದೇ ತಾರೀಖು ಬರೆದೆ. ನಾಲ್ಕು ಗಂಟೆಯ ಮಟ್ಟಿಗೆ, ಅದೂ ಊಟ ಆದ ಮೇಲೆ, ಒಬ್ಬ ಮುದುಕ ಪರಾರಿಯಾಗದಂತೆ ನಮ್ಮ ಅಡಿಕೆ ಮರಗಳು ಜಾಮೀನು ನಿಂತವು.

ಸಿಯಾಟಲ್ ಬಂದರಿನಲ್ಲಿ ಎಕ್ಸ್‌ರೇ ಯಂತ್ರದ ಪಕ್ಕ ಒಂದು ಮೇಜು. ಅದರ ಮೇಲೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲು, ಎಕ್ಸ್‌ಟೆನ್ಷನ್ ವೈರು ಸಾಲಾಗಿ ಕೂತಿದ್ದವು. ಬಿಸಿಯಾಗುವ ಯಾವುದೂ ಕ್ಯಾಬಿನ್ನಿಗೆ ಕೂಡದು, ಬೆಂಕಿಯ ಭಯ. ಆ ಸಾಲಿಗೆ ಹೊಸದಾಗಿ ಬಂದು ಸೇರಿದ್ದು ಇವಳ ಪುಟ್ಟ ಕರೆಂಟ್ ರೈಸ್ ಕುಕ್ಕರ್. ಸೀರೆಯಲ್ಲಿ ಸುತ್ತಿಟ್ಟಿದ್ದಳು. ಸೀರೆ ಬಿಚ್ಚಿದ ಅಧಿಕಾರಿ ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿ ಹತ್ತಿರ ಅಲುಗಿಸಿ ನೋಡಿದ. ಒಳಗಿಂದ ಜಲಜಲ ಎಂದಿತು. ಸೋನಾಮಸೂರಿ! “ರೀ, ಅಕ್ಕಿಯಾದ್ರೂ ಕೊಡೋಕೆ ಹೇಳ್ರಿ” ಎಂದಳು. ಚೀಟಿ ಕೊಟ್ಟರು, ವಾಪಸು ಬಂದಾಗ ತೆಗೆದುಕೊಳ್ಳಿ ಎಂದರು. ಅಂಗಡಿಯ ಪ್ಯಾಕೆಟ್ ತಿಂಡಿಗೆ ತಕರಾರಿಲ್ಲ, ಚಕ್ಕುಲಿ, ಚಟ್ನಿಪುಡಿ ಪಾರಾದವು.

ಹಡಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರ ಮೊಬೈಲಿನಲ್ಲೂ ಫೋಟೋ ಇದೆ. ಮುಹೂರ್ತವೇ ಇಲ್ಲದೆ ಏಳು ದಿನ ನಡೆಯುವ ಮದುವೆಯ ಕಲ್ಯಾಣಮಂಟಪ ಎಂದುಕೊಳ್ಳಿ. ಊಟ ಬಿಟ್ಟಿ, ಅಂದರೆ ಟಿಕೆಟ್ಟಿನಲ್ಲಿ ಸೇರಿದೆ. ಸೇರದಿರುವುದು: ವೈಫೈ, ಸೋಡಾ, ‘ಸ್ಪೆಷಲ್’ ಎಂದು ಬೋರ್ಡ್ ಇರುವ ಹೋಟೆಲು, ಮತ್ತು ದಿನಕ್ಕೆ ತಲೆಗೆ ಹದಿನಾರು–ಇಪ್ಪತ್ತು ಡಾಲರ್ ಟಿಪ್ಸು. ಟಿಪ್ಸನ್ನು ಸಂತೋಷವಾಗಿ ಕೊಡಬೇಕು ಅಂತಾರಲ್ಲ, ಆ ಸಂತೋಷವನ್ನು ಅವರೇ ನಮ್ಮ ಲೆಕ್ಕಕ್ಕೆ ಬರೆದುಕೊಂಡಿರುತ್ತಾರೆ. ಫೋನನ್ನು ಹತ್ತಿದ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಸಮುದ್ರದ ಮಧ್ಯೆ ಹಡಗಿನದೇ ಟವರು ಹಿಡಿದು, ಊರಿನ ಗುಡ್ ಮಾರ್ನಿಂಗ್ ಮೆಸೇಜು ಒಂದಕ್ಕೆ ಒಂದು ಊಟದ ದುಡ್ಡು ಹೋಗುತ್ತದೆ. ಬಾಲ್ಕನಿ ರೂಮಿಗೆ ಸುರಿಯಬೇಡಿ ಅಂತಲೂ ಹೇಳುತ್ತೇನೆ, ಸೊಸೆ ಒಪ್ಪುವುದಿಲ್ಲ. ನಮ್ಮ ಬಾಲ್ಕನಿ ಬಾಗಿಲನ್ನು ಇವಳು ಚಳಿಗೆ ಹೆದರಿ ಎರಡೇ ಸಲ ತೆಗೆದಳು. ಒಂದು ಸಲ ಒಗೆದ ಪಂಚೆ ಒಣಗಿಸಲು.

ಎರಡನೆಯ ದಿನ ಪೂರ್ತಿ ನೀರು. ಊಟದ ಮೇಜಿನಲ್ಲಿ ಮಗನನ್ನು ಕೂರಿಸಿಕೊಂಡು, ಈ ಕೆನಡಾ ಮುಟ್ಟುವ ವ್ರತ ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದೆ. 1886ರ ಕಾನೂನಂತೆ, ಪ್ಯಾಸೆಂಜರ್ ವೆಸೆಲ್ ಸರ್ವಿಸಸ್ ಆ್ಯಕ್ಟ್. ವಿದೇಶಿ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಜನ ಸಾಗಿಸಕೂಡದು. ಹೊರಟ ಬಂದರಿಗೇ ವಾಪಸು ಬರುವ ಸುತ್ತು ಪ್ರವಾಸವಾದರೆ ನಡುವೆ ಯಾವುದಾದರೂ ಪರದೇಶದ ಬಂದರು ಮುಟ್ಟಿರಬೇಕು. ಒಂದು ಊರಲ್ಲಿ ಹತ್ತಿಸಿ ಇನ್ನೊಂದರಲ್ಲಿ ಇಳಿಸುವುದಾದರೆ ಕೆನಡಾ, ಮೆಕ್ಸಿಕೋ ಸಾಲದು, ‘ದೂರದ ಪರದೇಶ’ ಆಗಬೇಕು. ಅಂದರೆ ಅಮೆರಿಕದ ಪ್ರಜೆಯೊಬ್ಬ ಸಿಯಾಟಲ್‌ನಲ್ಲಿ ಈ ಹಡಗು ಹತ್ತಿ, ‘ಅಲಾಸ್ಕಾದ ಜೂನೋದಲ್ಲಿ ನನ್ನ ಅತ್ತೆ ಮನೆ ಇದೆ, ನಾನು ಇಲ್ಲೇ ಉಳ್ಕೋತೀನಿ’ ಎಂದು ತನ್ನದೇ ದೇಶದಲ್ಲಿ ಇಳಿದುಬಿಟ್ಟರೆ ಹಡಗಿಗೆ ನೂರಾರು ಡಾಲರ್ ದಂಡ. ಹಡಗಿನವರು ಅದನ್ನು ಅಳಿಯನ ತಲೆಗೇ ಕಟ್ಟಬಹುದು.

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋದ ಬಸ್ಸು, ವಾಪಸು ಬರುವಾಗ ನಿಲ್ದಾಣಕ್ಕೆ ಬರದೆ, ಅರ್ಧರಾತ್ರಿ ಹೊಸೂರಿಗೆ ಹೋಗಿ, ತಮಿಳುನಾಡಿನ ಟೀ ಕುಡಿಸಿ, ಆಮೇಲೆ ಮೆಜೆಸ್ಟಿಕ್ಕಿಗೆ ತಂದು ಬಿಟ್ಟ ಹಾಗಾಯ್ತಲ್ಲೋ ಎಂದೆ. “ಲೆಗಸಿ ಕೋಡ್ ಅಪ್ಪ, ಹಳೇ ಕಾಲದ ಪ್ರೋಗ್ರಾಮ್ ಇದ್ದ ಹಾಗೆ. ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ, ತೆಗೆದ್ರೆ ಏನಾಗತ್ತೋ ಅಂತ ಯಾರೂ ಮುಟ್ಟಲ್ಲ” ಎಂದ.

ಯಾಕಿದೆ ಅಂತ ಕೇಳಿದರೆ ಉತ್ತರವೂ ಇದೆ: ಅಮೆರಿಕದ ಹಡಗು ಕಟ್ಟುವವರ, ನಡೆಸುವವರ ರಕ್ಷಣೆಗೆ. ರಕ್ಷಣೆ ಎಷ್ಟು ಬಿಗಿ ಎಂದರೆ ಒಳಗಿದ್ದ ಮಗು ಉಸಿರುಗಟ್ಟಿ ಎಷ್ಟೋ ಕಾಲವಾಯಿತು. ಇಷ್ಟು ದೊಡ್ಡ ವಿಹಾರದ ಹಡಗು ಕಟ್ಟುವವರು ಇಟಲಿ, ಫ್ರಾನ್ಸ್, ಜರ್ಮನಿ, ಫಿನ್‌ಲ್ಯಾಂಡಿನವರು. ಬಾವುಟ ಬಹಾಮಾಸ್‌ದೋ ಪನಾಮಾದ್ದೋ. ಅಮೆರಿಕದ ಬಾವುಟ ಹೊತ್ತ ಅಂಥ ದೊಡ್ಡ ಹಡಗು ಇರುವುದು ಒಂದೇ ಒಂದು, ಹೆಸರು ಪ್ರೈಡ್ ಆಫ್ ಅಮೆರಿಕ. ಅಮೆರಿಕದ ಹೆಮ್ಮೆ! ಮಿಸಿಸಿಪ್ಪಿಯಲ್ಲಿ ಕಟ್ಟಲು ಶುರು ಮಾಡಿದರು. 2001ರಲ್ಲಿ ಕಟ್ಟಿಸುತ್ತಿದ್ದವರು ದಿವಾಳಿ ಎದ್ದರು. ಅರ್ಧ ಒಡಲನ್ನು ಅಟ್ಲಾಂಟಿಕ್ ದಾಟಿಸಿ ಜರ್ಮನಿಗೆ ಎಳೆದೊಯ್ದರು. 2004ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹೆಮ್ಮೆ ಅಲ್ಲಿನ ದಕ್ಕೆಯಲ್ಲೇ ಅರ್ಧ ಮುಳುಗಿತು. ಮೇಲೆತ್ತಿ, ಒರೆಸಿ, ಜರ್ಮನರ ಕೈಯಲ್ಲಿ ಮುಗಿಸಿ, ‘ಇದು ಅಮೆರಿಕದ್ದೇ’ ಎಂದು ಸಂಸತ್ತಿನಿಂದ ವಿಶೇಷ ವಿನಾಯಿತಿ ಬರೆಸಿಕೊಂಡು 2005ರಲ್ಲಿ ಹವಾಯಿಗೆ ಬಿಟ್ಟರು. ಅದಕ್ಕೂ ಮುಂಚೆ ಹವಾಯಿ ದ್ವೀಪಗಳನ್ನು ತೋರಿಸುತ್ತಿದ್ದ ವಿದೇಶಿ ಬಾವುಟದ ಹಡಗು ಈ ಕಾನೂನಿನ ಕಾಟಕ್ಕೆ ಹೊನೊಲುಲುವಿನಿಂದ ಸುಮಾರು 1,900 ಕಿಲೋಮೀಟರ್ ದೂರದ ಕಿರಿಬಾಟಿ ದೇಶದ ಫ್ಯಾನಿಂಗ್ ಎಂಬ ಹವಳದ ದ್ವೀಪಕ್ಕೆ ಹೋಗಿ, ಮುಟ್ಟಿ, ವಾಪಸು ಬರುತ್ತಿತ್ತು. ವಿಕ್ಟೋರಿಯಾ ಮುಟ್ಟಿದರೆ ಸಾಕಾದ ನಾವು ಪುಣ್ಯವಂತರು.

ಇದರಲ್ಲಿ ನನಗೆ ಪರಮ ಇಷ್ಟವಾದ ಅಧ್ಯಾಯ ಕೊರೊನಾದ್ದು. ಕೆನಡಾ ತನ್ನ ಬಂದರುಗಳನ್ನು ಕ್ರೂಸ್ ಹಡಗುಗಳಿಗೆ ಮುಚ್ಚಿಬಿಟ್ಟಿತು. ಕಂಬವೇ ಇಲ್ಲದ ಮೇಲೆ ಕಾಶಿಯಾತ್ರೆ ಎಲ್ಲಿಗೆ? ಅಲಾಸ್ಕಾದ ಅಂಗಡಿಗಳು ನೊಣ ಹೊಡೆಯತೊಡಗಿದವು. ಆಗ ಅಮೆರಿಕದ ಸಂಸತ್ತು ಹೊಸ ಕಾಯ್ದೆ ಮಾಡಿತು, 2021ರ ಮೇ 24ರಂದು ಅಧ್ಯಕ್ಷರ ಸಹಿಯೂ ಬಿತ್ತು: ಸದ್ಯಕ್ಕೆ ಸಿಯಾಟಲ್–ಅಲಾಸ್ಕಾ ಪ್ರವಾಸವನ್ನು ವಿದೇಶ ಪ್ರವಾಸವೆಂದೇ ಭಾವಿಸತಕ್ಕದ್ದು. ನಮ್ಮ ಪುರೋಹಿತರು ಪೂಜೆಯಲ್ಲಿ ವಸ್ತ್ರ ಇಲ್ಲದಿದ್ದರೆ ‘ವಸ್ತ್ರಾಭಾವೇ ಅಕ್ಷತಾನ್ ಸಮರ್ಪಯಾಮಿ’ ಎಂದು ನಾಲ್ಕು ಕಾಳು ಅಕ್ಷತೆ ಹಾಕುತ್ತಾರಲ್ಲ, ಥೇಟ್ ಅದೇ. ಕೆನಡಾಭಾವೇ ಅಕ್ಷತಾನ್! ಆ ಬೇಸಿಗೆ ಹಡಗುಗಳು ಸೀದಾ ಹೋಗಿ ಸೀದಾ ಬಂದವು. ಯಾರ ಉದ್ಯಮವೂ ಮುಳುಗಲಿಲ್ಲ. ಮರುವರ್ಷ ಕೆನಡಾ ಬಾಗಿಲು ತೆರೆಯಿತು, ಶಾಸ್ತ್ರ ಮತ್ತೆ ಶುರು.

ಕೆಚಿಕನ್ ಎಂಬ ಊರಿನಲ್ಲಿ ಇಳಿದೆವು. ದಕ್ಕೆಯ ಎದುರಿಗೇ ಮಳೆ ಅಳೆಯುವ ದೊಡ್ಡ ಫಲಕ, ಅದರ ಮುಂದೆ ಫೋಟೋಗೆ ಕ್ಯೂ. ಗೈಡ್ ಹುಡುಗಿ ಹೆಮ್ಮೆಯಿಂದ, ಇಲ್ಲಿ ವರ್ಷಕ್ಕೆ 150 ಇಂಚು ಸುರಿಯುತ್ತದೆ ಎಂದಳು. ಇವಳು ನನ್ನ ಮುಖ ನೋಡಿದಳು, ನಾನು ಇವಳ ಮುಖ ನೋಡಿದೆ. ಆಗುಂಬೆಯ ಅರ್ಧ. ಅಷ್ಟು ದೂರ, ಅಷ್ಟು ಖರ್ಚು ಮಾಡಿ ನಾವು ನಮ್ಮ ಊರಿನ ಅರ್ಧ ಮಳೆ ನೋಡಲು ಬಂದಿದ್ದೆವು. ಛತ್ರಿ ತರಬೇಡಿ, ಗಾಳಿಗೆ ತಿರುಗಿ ಹೋಗುತ್ತದೆ. ಗದ್ದೆಗೆ ಇಳಿಯುವಾಗಿನ ಪ್ಲಾಸ್ಟಿಕ್ ಕೋಟೇ ಸರಿ.

ಜೂನೋ ಅಲಾಸ್ಕಾದ ರಾಜಧಾನಿ. ಹೊರಗಿನಿಂದ ರಸ್ತೆಯೇ ಇಲ್ಲ, ಹಡಗು ಇಲ್ಲವೇ ವಿಮಾನ. ಸುಮಾರು 32,000 ಜನರ ಊರಿಗೆ ಒಂದು ಬೇಸಿಗೆಯಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಕ್ರೂಸಿನವರು ಬರುತ್ತಾರೆ. ದಿನಕ್ಕೆ ಐದೇ ದೊಡ್ಡ ಹಡಗು ಎಂದು 2024ರಿಂದ ಮಿತಿ ಹಾಕಿಕೊಂಡಿದ್ದಾರೆ. ಶನಿವಾರವಾದರೂ ನಮ್ಮನ್ನು ನಮ್ಮ ಪಾಡಿಗೆ ಬಿಡಿ ಎಂದು ಅದೇ ವರ್ಷ ಊರವರೇ ಮತಕ್ಕೆ ಹಾಕಿದರು, ಸೋತಿತು. ದಕ್ಕೆಯಿಂದ ಹೊರಟರೆ ಸಾಲಾಗಿ ಒಡವೆ ಅಂಗಡಿ. ಅಲ್ಲಿನ ಜನಪ್ರಿಯ ಕಲ್ಲು ಟಾಂಜನೈಟ್. ಅದು ಭೂಮಿಯಲ್ಲಿ ಸಿಗುವುದು ಆಫ್ರಿಕಾದ ಟಾಂಜಾನಿಯಾದಲ್ಲಿ ಮಾತ್ರ. ಹಿಮಗಡ್ಡೆಯ ಊರಿಗೆ ಬಂದವರಿಗೆ ಆಫ್ರಿಕಾದ ಕಲ್ಲನ್ನು ‘ಅಲಾಸ್ಕಾದ ನೆನಪಿಗೆ’ ಎಂದು ಮಾರುವವನ ಧೈರ್ಯಕ್ಕೆ ಮೆಚ್ಚಿದೆ, ಕೊಳ್ಳಲಿಲ್ಲ. ಇಲ್ಲಿ ಇನ್ನೊಂದು ಎಚ್ಚರ: ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗು ಯಾವ ಗಡಿಯಾರದಲ್ಲಿ ನಡೆಯುತ್ತಿದೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ. ಊರು ನೋಡಲು ಹಡಗಿನವರ ಟೂರು ಬಿಟ್ಟು ನಾವೇ ಸ್ವಂತ ಗಾಡಿ ಮಾಡಿಕೊಂಡು ಹೋದರೆ ಅರ್ಧ ಖರ್ಚು, ಆದರೆ ತಡವಾದರೆ ಹಡಗು ಕಾಯುವುದಿಲ್ಲ.

ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯ ಬಗ್ಗೆ ವ್ಯಂಗ್ಯ ಬರುವುದಿಲ್ಲ. ದಿನಕ್ಕೆ ಎರಡೇ ಕ್ರೂಸ್ ಹಡಗು ಬಿಡುತ್ತಾರೆ. ನೀಲಿ ಹಿಮದ ಗೋಡೆಯಿಂದ ಒಂದು ಚೂರು ಕಳಚಿ ಬಿತ್ತು. ಬಿದ್ದದ್ದು ಕಂಡ ಮೇಲೆ ಎಷ್ಟೋ ಹೊತ್ತಿಗೆ ಗುಡುಗು ಕೇಳಿಸಿತು. ಮೂರು ಸಾವಿರ ಜನ ಸುಮ್ಮನಿದ್ದ ಒಂದೇ ಗಳಿಗೆ ಅದು.

ಕೊನೆಯ ರಾತ್ರಿ ವಿಕ್ಟೋರಿಯಾ. ಈಗ ಕೇಳಿ ಮಜಾ: ಮರುದಿನ ಬೆಳಿಗ್ಗೆ ಸಿಯಾಟಲ್‌ನಲ್ಲಿ ಇಳಿಯಬೇಕು, ಹಾಗಾಗಿ ದೊಡ್ಡ ಸೂಟ್‌ಕೇಸುಗಳನ್ನೆಲ್ಲ ಅದೇ ರಾತ್ರಿ ಕಟ್ಟಿ ಬಾಗಿಲಾಚೆ ಇಡಬೇಕು. ಅಂದರೆ ಕೆನಡಾ ನೋಡುವ ಹೊತ್ತೂ ಪ್ಯಾಕಿಂಗ್ ಹೊತ್ತೂ ಒಂದೇ. ಬಹಳ ಜನ ಇಳಿಯುವ ಗೋಜಿಗೇ ಹೋಗಲಿಲ್ಲ. ಇವಳೂ ಬೇಡ ಎಂದಳು. “ಇಪ್ಪತ್ತು ಸಾವಿರ ಕೊಟ್ಟಿದೀವಿ ಕಣೇ, ಪಹಣಿ ಕೊಟ್ಟಿದೀವಿ” ಎಂದು ಎಳೆದುಕೊಂಡು ಹೊರಟೆ. ಇಳಿಯಲು ಮುಕ್ಕಾಲು ಗಂಟೆ ಕ್ಯೂ. ಆಗ್ಡನ್ ಪಾಯಿಂಟ್ ದಕ್ಕೆಯಿಂದ ಊರಿನ ನಡುವಿಗೆ ಇಬ್ಬರೂ ಮೊಣಕಾಲು ಹಿಡಿದುಕೊಂಡು ಅರ್ಧ ಗಂಟೆ ನಡೆದೆವು. ಅಂಗಡಿಗಳು ಮುಚ್ಚಿದ್ದವು. ಶಾಸನಸಭೆಯ ಕಟ್ಟಡಕ್ಕೆ ಮೈತುಂಬ ಬಲ್ಬಿನ ಸರ ಹಾಕಿದ್ದರು, ದಸರೆಗೆ ಮೈಸೂರು ಅರಮನೆಗೆ ಹಾಕಿದಂತೆ. ಅದರ ಮುಂದೆ ನಿಂತು ಒಂದು ಐಸ್‌ಕ್ರೀಮನ್ನು ಇಬ್ಬರೂ ತಿಂದೆವು. ಪಾಸ್‌ಪೋರ್ಟಿಗೆ ಸೀಲು ಹಾಕಿಸಿಕೊಳ್ಳಬೇಕೆಂದು ಇವಳಿಗೆ ಆಸೆ. ಸೀಲು ಹಾಕುವವರೇ ಇರಲಿಲ್ಲ. ಇಪ್ಪತ್ತು ಸಾವಿರದ ದೇಶಕ್ಕೆ ನಾವು ಬಂದುಹೋದದ್ದಕ್ಕೆ ಸಾಕ್ಷಿ ಆ ಐಸ್‌ಕ್ರೀಮಿನ ರಸೀತಿ.

ಹನ್ನೊಂದಕ್ಕೆ ವಾಪಸು ಬಂದಾಗ ನಮ್ಮ ಸಾಲಿನ ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಸೂಟ್‌ಕೇಸು ಎಳೆಯುತ್ತಿದ್ದ. ಬಂಟ್ವಾಳದ ಕಡೆಯವನು. ಮೊದಲ ದಿನ ಟವೆಲಿನಲ್ಲಿ ಆನೆ ಮಾಡಿಟ್ಟು, ನಮ್ಮ ಜಗಳ ಕೇಳಿಸಿಕೊಂಡು, “ನೀವು ಕನ್ನಡದವ್ರಾ ಸರ್?” ಎಂದು ಕೇಳಿದ್ದ.

“ಹೇಗುಂಟು ಸರ್ ವಿಕ್ಟೋರಿಯಾ?”

“ಚೆನ್ನಾಗಿದೆ. ಯಾಕೆ, ನೀನು ನೋಡಿಲ್ವಾ?”

“ಈ ಸೀಸನ್ನಿಗೆ ಇದು ಹದಿನೇಳನೇ ಸಲ ಸರ್ ಬರುವುದು. ಇಳಿಲಿಕ್ಕೆ ಪುರ್ಸೊತ್ತು ಎಲ್ಲುಂಟು? ನಾಳೆ ಮಧ್ಯಾಹ್ನಕ್ಕೆ ಹೊಸಬರು ಹತ್ತುತ್ತಾರಲ್ಲ.”

“ವೀಸಾ ಉಂಟಾ?”

“ನಮಗೆ ವೀಸಾ ಬೇಡ ಸರ್. ಹಡಗಿನವರಿಗೆ ಹಾಗೆಯೇ ಬಿಡ್ತಾರೆ.”

ಇವಳು ನನ್ನನ್ನೊಮ್ಮೆ ನೋಡಿ, ಕಾರಿಡಾರಿನಲ್ಲೇ ಕೂತು ನಮ್ಮ ಸೂಟ್‌ಕೇಸಿನ ಜಿಪ್ಪು ಬಿಚ್ಚಿದಳು. ಉಳಿದಿದ್ದ ಚಕ್ಕುಲಿ, ಚಟ್ನಿಪುಡಿ ಎರಡೂ ಪ್ಯಾಕೆಟ್ ತೆಗೆದು ಅವನ ಕೈಗಿಟ್ಟಳು. ಆಮೇಲೆ ಸೂಟ್‌ಕೇಸು ಮುಚ್ಚಲಿಲ್ಲ. ನಾನು ಅದರ ಮೇಲೆ ಕೂತೆ, ಸಾಲಲಿಲ್ಲ. “ಸ್ವಲ್ಪ ಸರೀರಿ ಸರ್” ಎಂದು ಅವನೂ ಕೂತ. ಇವಳು ಜಿಪ್ಪು ಎಳೆಯುತ್ತಿದ್ದಾಗ ಕೆಳಗೆಲ್ಲೋ ಇಂಜಿನ್ ಗುರ್ ಎಂದಿತು. ಕೆನಡಾ ಆಯಿತು.