ಸೊನ್ನೆ ನೋಡಿದೆ, ಗನ್ ನೋಡಲಿಲ್ಲ

ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದೊಡನೆ ಕಿವಿಗೆ ಬೀಳುವ ಮೊದಲ ಮಾತು ‘ಸಾರ್, ಜೀರೋ ನೋಡ್ಕೊಳ್ಳಿ’ ಎಂಬುದು. ಅಳತೆಯಲ್ಲಿ ಎಲ್ಲಿ ಮೋಸ ಹೋಗುತ್ತೇವೋ ಎಂಬ ಅಂಜಿಕೆಯಿಂದ ನಾವೂ ಕತ್ತು ಹೊರಳಿಸಿ ಆ ಸೊನ್ನೆಯನ್ನು ನೋಡಿ ತಲೆಯಾಡಿಸುತ್ತೇವೆ; ಅಲ್ಲಿಗೆ ನಮ್ಮ ಎಚ್ಚರಿಕೆ ಮುಗಿಯುತ್ತದೆ. ಕಳೆದ ತಿಂಗಳು ಶಿವಮೊಗ್ಗದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಹೊರಟಿದ್ದ ನಾನು, ತಿಪಟೂರು ದಾಟಿದ ಮೇಲೆ ಅರಸೀಕೆರೆಗೆ ಮೊದಲು ಸಿಕ್ಕ ಒಂದು ಬಂಕಿನಲ್ಲಿ ಹೀಗೆಯೇ ಸೊನ್ನೆಯನ್ನು ಶ್ರದ್ಧೆಯಿಂದ ನೋಡಿ, ನನ್ನ ಡೀಸೆಲ್ ಕಾರಿಗೆ ಎರಡು ಸಾವಿರ ರೂಪಾಯಿಯ ಪೆಟ್ರೋಲ್ ತುಂಬಿಸಿಕೊಂಡೆ.

ನಾನು ಹೇಳಿದ್ದು ‘ಎರಡು ಸಾವಿರಕ್ಕೆ ಹಾಕಪ್ಪಾ’ ಎಂದಷ್ಟೇ. ಏನನ್ನು ಹಾಕಬೇಕೆಂದು ನಾನು ಹೇಳಲಿಲ್ಲ, ಆ ಹುಡುಗನೂ ಕೇಳಲಿಲ್ಲ. ನನ್ನ ಕಾರು 2017ರದು. ಅದೇ ಮಾದರಿಯ ಪೆಟ್ರೋಲ್ ಗಾಡಿಗಳೂ ಅಷ್ಟೇ ಸಂಖ್ಯೆಯಲ್ಲಿ ರಸ್ತೆಯಲ್ಲಿವೆ, ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಇರುತ್ತವೆ. ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಡೀಸೆಲ್ ಎಂದು ಬರೆದಿದ್ದ ಚೀಟಿ ಯಾವಾಗಲೋ ಬಿಸಿಲಿಗೆ ಮಾಸಿಹೋಗಿತ್ತು, ಅದನ್ನು ನಾನು ನೋಡಿಯೂ ನೋಡದವನಂತೆ ಇದ್ದೆ. ಹಣ ಕಳುಹಿಸಿ, ಗೋಡೆಯ ಮೇಲಿನ ಪೆಟ್ಟಿಗೆ ‘ಎರಡು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಸಾರಿದ ಮೇಲೆ, ಸುಮ್ಮನೆ ಯಂತ್ರದ ಪರದೆಯತ್ತ ಮತ್ತೊಮ್ಮೆ ನೋಡಿದೆ. ಮೊದಲ ಸಾಲಿನಲ್ಲಿ ಮೊತ್ತ, ಎರಡನೆಯದರಲ್ಲಿ ಲೀಟರು, ಮೂರನೆಯದರಲ್ಲಿ ದರ. ಆ ದರ 102 ದಾಟಿತ್ತು. ಡೀಸೆಲ್ಲಿಗೆ 90ರ ಆಸುಪಾಸಿನಲ್ಲಿ ಕೊಟ್ಟು ರೂಢಿಯಿದ್ದ ನನಗೆ ಒಂದು ಕ್ಷಣ ಬೆಲೆ ಏರಿತೇನೋ ಎನ್ನಿಸಿತು. ಬಿಲ್ಲಿನ ಚೀಟಿಯಲ್ಲಿ ಎಂ.ಎಸ್. ಎಂದು ಅಚ್ಚಾಗಿತ್ತು. ಎಂ.ಎಸ್. ಎಂದರೆ ಮೋಟಾರ್ ಸ್ಪಿರಿಟ್, ಅಂದರೆ ಪೆಟ್ರೋಲ್. ಡೀಸೆಲ್ಲಾಗಿದ್ದರೆ ಅಲ್ಲಿ ಎಚ್.ಎಸ್.ಡಿ. ಎಂದಿರಬೇಕಿತ್ತು. ಬಂಕುಗಳು ಈ ಎರಡು ಸಂಕ್ಷೇಪಗಳ ಬದಲು ಪೆಟ್ರೋಲ್, ಡೀಸೆಲ್ ಎಂದು ಕನ್ನಡದಲ್ಲಿ ಅಚ್ಚು ಹಾಕಿದರೆ ಯಾರ ಗಂಟು ಹೋಗುತ್ತದೆಯೋ ನಾನರಿಯೆ.

ಅಷ್ಟರಲ್ಲಿ ನಾನು ಒಂದು ತಪ್ಪನ್ನು ಮಾಡಿಯಾಗಿತ್ತು. ಒಳಗೆ ಸೆಕೆಯೆಂದು ನನ್ನಾಕೆ ಕಿಟಕಿ ಇಳಿಸಲು ಹೇಳಿದ್ದರಿಂದ, ಎಂಜಿನ್ ಚಾಲೂ ಮಾಡದೆ, ಕೀಲಿಯನ್ನು ಮಾತ್ರ ಅರ್ಧ ತಿರುಗಿಸಿದ್ದೆ. ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ಝುಂಯ್ ಎಂಬ ಸದ್ದು ಬಂದು ನಿಂತಿತು. ದಿನವೂ ಬರುವ ಸದ್ದೇ; ಎಂದೂ ಕಿವಿಗೊಟ್ಟಿರಲಿಲ್ಲ. ಅರಸೀಕೆರೆಯಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದ ಪ್ರಶ್ನೆ ‘ಕೀ ಹಾಕಿದ್ರಾ ಸಾರ್?’ ಎಂದು. ಅರ್ಧ ತಿರುಗಿಸಿದೆ ಎಂದೆ. ‘ಅಷ್ಟೂ ಮಾಡಬಾರದಿತ್ತು. ಟ್ಯಾಂಕಿನೊಳಗಿನ ಪಂಪು ಆಗಲೇ ಫಿಲ್ಟರಿಗೆ ಕಳಿಸಿರುತ್ತೆ’ ಎಂದರು. ಬೆರಳನ್ನು ಟ್ಯಾಂಕಿನ ಬಾಯಿಗೆ ಸವರಿ ಗಾಳಿಗೆ ಹಿಡಿದು, ‘ಡೀಸೆಲ್ ಆದ್ರೆ ಜಿಡ್ಡು ಉಳೀಬೇಕು, ನೋಡಿ, ಆರಿ ತಣ್ಣಗಾಗ್ತಾ ಇದೆ’ ಎಂದು ನನ್ನ ಬೆರಳಿಗೂ ಹಚ್ಚಿದರು. ಪಠ್ಯಪುಸ್ತಕದ ಎಷ್ಟೋ ಪುಟಗಳು ಹೇಳಲಾಗದ್ದನ್ನು ಆ ತಣ್ಣನೆಯ ಬೆರಳು ಹೇಳಿತು.

ಡೀಸೆಲ್ ಎಂಜಿನ್ನಿಗೆ ಡೀಸೆಲ್ ಬರೀ ಉರಿಯುವ ವಸ್ತುವಲ್ಲ, ಎಣ್ಣೆಯೂ ಹೌದು. ಇಂದಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ, ಅಂದರೆ ‘ರೈಲು’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಇಂಧನ ಹಂಚುವ ಎಂಜಿನ್ನುಗಳಲ್ಲಿ, ಇಂಧನವನ್ನು 1600 ಬಾರ್, ಕೆಲವು ಗಾಡಿಗಳಲ್ಲಿ 2000 ಬಾರ್‌ಗೂ ಮಿಕ್ಕ ಒತ್ತಡಕ್ಕೆ ಏರಿಸುವ ಪಂಪೊಂದಿರುತ್ತದೆ. ನಮ್ಮ ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ಇದು ಸುಮಾರು ಏಳುನೂರು ಪಟ್ಟು. ಆ ಪಂಪಿನ ಲೋಹದ ಮೈಗಳು ಒಂದನ್ನೊಂದು ಉಜ್ಜಿ ಸವೆಯದಂತೆ ಕಾಯುವುದು ಅದರ ಮೂಲಕವೇ ಹರಿಯುವ ಡೀಸೆಲ್ಲಿನ ಜಿಡ್ಡು. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಹಾಕುತ್ತದೆ. ಒಣಗಿ ತಿರುಗುವ ಪಂಪು ತನ್ನ ಮೈಯನ್ನೇ ತಾನು ಅರೆದುಕೊಂಡು, ಆ ಲೋಹದ ಪುಡಿಯನ್ನು ಎಂಜಿನ್ನಿನೊಳಕ್ಕೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳ ಕೂದಲೆಳೆಯಂಥ ರಂಧ್ರಗಳವರೆಗೆ ಸಾಗಿಸುತ್ತದೆ. ಹಾಗಾಗಿ ಕೇಡು ಆರಂಭವಾಗುವುದು ಟ್ಯಾಂಕಿಗೆ ಪೆಟ್ರೋಲ್ ಬಿದ್ದಾಗ ಅಲ್ಲ, ಕೀಲಿ ತಿರುಗಿದಾಗ.

ಇದು ಗೊತ್ತಿಲ್ಲದವರೇ ಅಂದು ನನ್ನ ಸುತ್ತ ಹೆಚ್ಚು ಮಂದಿ ನೆರೆದಿದ್ದರು, ಎಲ್ಲರದೂ ಒಳ್ಳೆಯ ಮನಸ್ಸೇ. ಲಾರಿಯಿಂದಿಳಿದ ಹಿರಿಯ ಚಾಲಕರೊಬ್ಬರು ‘ಏನೂ ಆಗಲ್ಲ ಸ್ವಾಮಿ, ಮೇಲಿಂದ ಫುಲ್ ಡೀಸೆಲ್ ತುಂಬಿಸಿ, ಮೆಲ್ಲಗೆ ಓಡಿಸ್ಕೊಂಡು ಹೋಗಿ’ ಎಂದರು. ಬಂಕಿನ ಮ್ಯಾನೇಜರರೂ ಆ ಮಾತಿಗೆ ತಕ್ಷಣ ದನಿಗೂಡಿಸಿದರು. ಆ ಹಿರಿಯರನ್ನು ನಾನು ತಪ್ಪೆನ್ನಲಾರೆ. ಅವರು ಕೈ ಪಳಗಿಸಿಕೊಂಡ ಹಳೆಯ ಜೀಪು, ಲಾರಿಗಳ ಎಂಜಿನ್ನುಗಳು ಕಡಿಮೆ ಒತ್ತಡದವು, ಒರಟು ಜೀವಗಳು. ಅವು ಸ್ವಲ್ಪ ಪೆಟ್ರೋಲನ್ನೋ ಸೀಮೆಎಣ್ಣೆಯನ್ನೋ ಸೇರಿಸಿಕೊಂಡು ಕೆಮ್ಮುತ್ತ ಊರು ತಲುಪುತ್ತಿದ್ದುದು ನಿಜ. ಆದರೆ ನನ್ನ ಟ್ಯಾಂಕಿನಲ್ಲಿ ಉಳಿದಿದ್ದ ಡೀಸೆಲ್ ಎಂಟು ಲೀಟರು, ಮೇಲೆ ಬಿದ್ದ ಪೆಟ್ರೋಲ್ ಹತ್ತೊಂಬತ್ತು ಲೀಟರಿಗೂ ಹೆಚ್ಚು. ಮೈಸೂರಿನ ನನ್ನ ಪರಿಚಿತರೊಬ್ಬರು ಇಂಥದೇ ಸಲಹೆ ಕೇಳಿ ಮೂವತ್ತು ಕಿಲೋಮೀಟರು ಓಡಿಸಿ, ಪಂಪು, ರೈಲು, ನಾಲ್ಕೂ ಇಂಜೆಕ್ಟರುಗಳನ್ನು ಬದಲಿಸಿ ಲಕ್ಷಕ್ಕೂ ಮೀರಿ ತೆತ್ತಿದ್ದರು. ಅವರ ಬಿಲ್ಲನ್ನು ನಾನು ಕಣ್ಣಾರೆ ಕಂಡಿರದಿದ್ದರೆ, ಗೃಹಪ್ರವೇಶದ ಮುಹೂರ್ತದ ಅವಸರದಲ್ಲಿ ಬಹುಶಃ ನಾನೂ ಓಡಿಸಿಬಿಡುತ್ತಿದ್ದೆ.

ಗೇರನ್ನು ನ್ಯೂಟ್ರಲ್‌ಗೆ ಹಾಕಿ ನಾಲ್ಕು ಜನ ಕಾರನ್ನು ಬಂಕಿನ ಹಿಂದಿನ ಬೇವಿನ ಮರದ ಕೆಳಗೆ ತಳ್ಳಿದೆವು. ಟ್ಯಾಂಕು ಬರಿದು ಮಾಡಿ, ಸ್ವಲ್ಪ ಡೀಸೆಲ್ಲಿನಿಂದ ತೊಳೆದು, ಕೊಳವೆಗಳನ್ನು ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಗಾಳಿ ತೆಗೆದು, ಮತ್ತೆ ಡೀಸೆಲ್ ತುಂಬಿಸುವ ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ನಡುವೆ ಬೀಡಿ ಹಚ್ಚಲು ಹೋದ ಒಬ್ಬರನ್ನು ಮೆಕ್ಯಾನಿಕ್ ಗದರಿಸಿ ಓಡಿಸಿದರು, ಅದೂ ಸರಿಯೇ: ಪೆಟ್ರೋಲ್ ಬೆರೆತ ಡೀಸೆಲ್ಲು ಡೀಸೆಲ್ಲಿನಷ್ಟು ಸಾಧುವಲ್ಲ, ಅದರ ಆವಿ ಪೆಟ್ರೋಲಿನ ಆವಿಯಂತೆಯೇ ಬೆಂಕಿಗೆ ಕಾಯುತ್ತಿರುತ್ತದೆ. ಹೊರತೆಗೆದ ಆ ಮಿಶ್ರಣವನ್ನು ನೆಲದಡಿಯ ಡೀಸೆಲ್ ಟ್ಯಾಂಕಿಗೇ ಸುರಿದರಾಯಿತು ಎಂದು ಮ್ಯಾನೇಜರರು ಮೆಲ್ಲಗೆ ಅಂದಾಗ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ನನ್ನೊಬ್ಬನ ಎಡವಟ್ಟನ್ನು ಹಿಂದೆ ಬರುವ ನೂರು ಗಾಡಿಗಳಿಗೆ ಹಂಚುವ ಉಪಾಯವದು.

ಈ ತಪ್ಪು ಪೆಟ್ರೋಲ್ ಕಾರಿಗಿಂತ ಡೀಸೆಲ್ ಕಾರಿಗೆ ಸುಲಭವಾಗಿ ಆಗುವುದಕ್ಕೆ ಒಂದು ವಿಚಿತ್ರ ಕಾರಣವಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಸೀಸರಹಿತ ಪೆಟ್ರೋಲ್ ಬಂದಾಗ, ಹೊಸ ಕಾರುಗಳಿಗೆ ಸೀಸದ ಪೆಟ್ರೋಲ್ ಬೀಳದಿರಲೆಂದು ಟ್ಯಾಂಕಿನ ಬಾಯಿಯನ್ನು ಕಿರಿದುಗೊಳಿಸಿ, ಇಂಧನ ತುಂಬಿಸುವ ಗನ್ನಿನ ಮೂತಿಯನ್ನೂ ಸಪೂರ ಮಾಡಿದರು. ಡೀಸೆಲ್ಲಿನ ಗನ್ ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಅದು ಪೆಟ್ರೋಲ್ ಕಾರಿನ ಬಾಯಿಗೆ ಹಿಡಿಯುವುದಿಲ್ಲ. ತದ್ವಿರುದ್ಧವಾಗಿ ಪೆಟ್ರೋಲಿನ ಸಣ್ಣ ಮೂತಿ ಡೀಸೆಲ್ ಕಾರಿನೊಳಕ್ಕೆ ಹಾಯಾಗಿ ಇಳಿಯುತ್ತದೆ. ದಪ್ಪ ಮೂತಿ ತಾಗಿದರೆ ಮಾತ್ರ ತೆರೆದುಕೊಳ್ಳುವ ಮುಚ್ಚಳವನ್ನು ಕೆಲವು ತಯಾರಕರು ಡೀಸೆಲ್ ಕಾರುಗಳಿಗೆ ಇಟ್ಟದ್ದುಂಟು. ಲಕ್ಷಗಟ್ಟಲೆ ಬೆಲೆಯ ಗಾಡಿಯಲ್ಲಿ ಮೇಲ್ಛಾವಣಿ ತೆರೆದುಕೊಳ್ಳುತ್ತದೆ, ಈ ಅಗ್ಗದ ಮುಚ್ಚಳ ಮಾತ್ರ ಇರುವುದಿಲ್ಲ ಎಂಬುದನ್ನು ನಾನು ಒಪ್ಪಲಾರೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ದೆಹಲಿಯ ಮಾಲಿನ್ಯದ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಗೆಯಾದ ಬಣ್ಣದ ಚೀಟಿಯ ಕ್ರಮ, 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನೋಂದಣಿ ಫಲಕದ ಜೊತೆಗೇ ಬಂತು: ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್ಲಿಗೆ ಕಿತ್ತಳೆ. ನಮ್ಮ ರಾಜ್ಯದಲ್ಲಿ 2023ರ ಆದೇಶದ ಮೇಲೆ ಹಳೆಯ ಗಾಡಿಗಳವರೂ ಗಡುವಿನ ಮೇಲೆ ಗಡುವು ಮುಂದೂಡಿಸಿಕೊಂಡು ಆ ಫಲಕ ಹಾಕಿಸಿಕೊಂಡೆವು. ನನ್ನ ಕಾರಿನ ಮುಂಗಾಜಿನ ಮೂಲೆಯಲ್ಲಿ ಕಿತ್ತಳೆ ಚೀಟಿ ಅಂದೂ ಇತ್ತು. ಆದರೆ ಅದು ಮುಂಭಾಗದಲ್ಲಿ, ಟ್ಯಾಂಕಿನ ಬಾಯಿ ಹಿಂಭಾಗದಲ್ಲಿ; ಗನ್ ಹಿಡಿದವನ ಕಣ್ಣಿಗೆ ಅದು ಬೀಳುವುದೆಂತು? ಯುರೋಪಿನಲ್ಲಿ 2018ರ ಅಕ್ಟೋಬರಿನಿಂದ ಗನ್ನಿಗೂ ಹೊಸ ಗಾಡಿಯ ಟ್ಯಾಂಕಿನ ಮುಚ್ಚಳಕ್ಕೂ ಒಂದೇ ಗುರುತು ಅಂಟಿಸುತ್ತಾರೆ, ಪೆಟ್ರೋಲಿಗೆ ವೃತ್ತ, ಡೀಸೆಲ್ಲಿಗೆ ಚೌಕ. ಬಣ್ಣ ನಂಬಿದರೆ ಅಲ್ಲಿಯೂ ಮೋಸವೇ: ಬ್ರಿಟನ್ನಿನಲ್ಲಿ ಹಸಿರು ಗನ್ ಪೆಟ್ರೋಲಿನದು, ಅಮೆರಿಕದ ಬಹಳಷ್ಟು ಬಂಕುಗಳಲ್ಲಿ ಹಸಿರೆಂದರೆ ಡೀಸೆಲ್. ಅಲ್ಲಿ ತಾವೇ ತುಂಬಿಸಿಕೊಳ್ಳುವ ನಮ್ಮ ಮಕ್ಕಳು, ಬಾಡಿಗೆ ಕಾರು ಹಿಡಿದಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪರಿಹಾರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಲ್ಲಿನ ಚೀಟಿ ಪಡೆಯಿರಿ, ಯಂತ್ರದ ಪರದೆಯ ಫೋಟೋ ತೆಗೆಯಿರಿ, ಬಂಕಿನಲ್ಲಿರುವ ದೂರು ಪುಸ್ತಕದಲ್ಲಿ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಿಮೆಯನ್ನು ನೆಚ್ಚಿಕೊಳ್ಳುವ ಮೊದಲು ಪಾಲಿಸಿಯ ಸಣ್ಣಕ್ಷರಗಳನ್ನು ಓದಿ, ಸಾಮಾನ್ಯ ಪಾಲಿಸಿಗಳು ಯಾಂತ್ರಿಕ ಕೆಡುಕನ್ನು ಹೊರಗಿಟ್ಟಿರುತ್ತವೆ. ನನ್ನ ಮಟ್ಟಿಗೆ, ಬಂಕಿನವರು ಎರಡು ಸಾವಿರ ಹಿಂದಿರುಗಿಸಿದರು, ಫಿಲ್ಟರ್ ಮತ್ತು ಮೆಕ್ಯಾನಿಕ್ಕಿನ ಕೂಲಿಯನ್ನು ನಾನು ಕೊಟ್ಟೆ. ಬಾಯಿ ಬಿಟ್ಟು ‘ಡೀಸೆಲ್’ ಎಂಬ ಒಂದು ಶಬ್ದ ಹೇಳದಿದ್ದವನಿಗೆ ಅದು ಹೆಚ್ಚಿನ ದಂಡವೆಂದು ನನಗನ್ನಿಸಲಿಲ್ಲ. ಮನೆಯಲ್ಲಿ ಮಾತ್ರ ಬೇರೆ ಅಭಿಪ್ರಾಯವಿದೆ.

ಹುಡುಗನ ವಿಚಾರ ಉಳಿಯಿತು. ಅವನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಎರಡೂವರೆ ಗಂಟೆಯೂ ಗಾಡಿಗಳಿಗೆ ತುಂಬಿಸುತ್ತಲೇ ನಮ್ಮತ್ತ ಕದ್ದು ನೋಡುತ್ತಿದ್ದ. ‘ನೀವು ಹಣದ ಚಿಂತೆ ಮಾಡಬೇಡಿ ಸಾರ್, ಇವನ ಸಂಬಳದಲ್ಲಿ ಹಿಡೀತೀನಿ’ ಎಂದು ಮ್ಯಾನೇಜರರು ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ ಹೇಳಿದಾಗ, ಅದರಿಂದ ನನಗೆ ಸಮಾಧಾನವಾಗಬೇಕೆಂದು ಅವರು ನಿಜವಾಗಿಯೂ ನಂಬಿದ್ದರು. ನಷ್ಟಕ್ಕಾಗಿ ಕೂಲಿ ಕಡಿಯುವ ಮುನ್ನ ನೌಕರನ ವಿವರಣೆ ಕೇಳಬೇಕೆಂದು ಕಾನೂನಿದೆ ಎಂದೆ. ಅವರು ನಕ್ಕರು. ದಿನವಿಡೀ ಬಿಸಿಲಲ್ಲಿ ನಿಂತು ನೂರಾರು ಗಾಡಿಗಳಿಗೆ ತುಂಬಿಸುವವನಿಗೆ ‘ಜೀರೋ ನೋಡಿ’ ಎನ್ನಲು ಕಲಿಸಿದವರು, ‘ಡೀಸೆಲ್ ತಾನೇ ಸಾರ್?’ ಎಂದು ಕೇಳಲು ಕಲಿಸಲಿಲ್ಲ.

ದೂರು ಪುಸ್ತಕ ತರಿಸಿಕೊಂಡು ನಾಲ್ಕು ಸಾಲು ಬರೆದೆ: ದಿನಾಂಕ, ಗಾಡಿಯ ಸಂಖ್ಯೆ, ಗ್ರಾಹಕನಾದ ನಾನು ಇಂಧನದ ಹೆಸರು ಹೇಳಲಿಲ್ಲ, ಬಂಕಿನ ಕಡೆಯಿಂದಲೂ ಕೇಳಲಿಲ್ಲ, ತುಂಬಿಸುವ ಮೊದಲು ಇಂಧನದ ಹೆಸರನ್ನು ಗಟ್ಟಿಯಾಗಿ ಹೇಳಿ ಒಪ್ಪಿಗೆ ಪಡೆಯುವ ಪದ್ಧತಿ ಇಡತಕ್ಕದ್ದು. ಮ್ಯಾನೇಜರರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿ, ‘ಹುಡುಗನ ಹೆಸರೇ ಬರೆದಿಲ್ಲವಲ್ಲ ಸಾರ್’ ಎಂದರು. ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟು, ಕಾರಿನ ಹತ್ತಿರ ನಡೆದೆ.