ಎಡ್ಜ್ ಆಗಿದ್ದು ಬ್ಯಾಟಿಗೆ, ವಾಪಸ್ ಟಿಕೆಟ್ ಹೆಂಡತಿಗೆ

ಹೆಂಡತಿ ಎಷ್ಟು ದಿನ ಜೊತೆಗಿದ್ದರೆ ಗಂಡನ ಕವರ್ ಡ್ರೈವ್ ಕೆಡುತ್ತೆ? ಇಷ್ಟು ದೊಡ್ಡ ಪ್ರಶ್ನೆಗೆ ಜಗತ್ತಿನ ಯಾವ ವಿಜ್ಞಾನಿಗೂ ಉತ್ತರ ಸಿಕ್ಕಿರಲಿಲ್ಲ. ನಮ್ಮ ಕ್ರಿಕೆಟ್ ಮಂಡಳಿಗೆ ಸಿಕ್ಕಿದೆ. 14 ದಿನ. ಅಲ್ಲಿವರೆಗೆ ಏನೂ ತೊಂದರೆ ಇಲ್ಲ, 15ನೇ ದಿನ ಬೆಳಗಾಯಿತೋ, ಕಾಲು ಮುಂದಕ್ಕೆ ಬರಲ್ಲ, ಕೈ ಮಾತ್ರ ಮುಂದಕ್ಕೆ ಹೋಗುತ್ತೆ, ಸ್ಲಿಪ್‌ನಲ್ಲಿ ನಿಂತವನು ಕ್ಯಾಚ್ ಹಿಡಿದು ಕುಣಿಯುತ್ತಾನೆ.

2025ರ ಜನವರಿಯಲ್ಲಿ ಮಂಡಳಿಯಿಂದ ಆಟಗಾರರಿಗಾಗಿ ಹೊರಬಿದ್ದ 10 ಅಂಶಗಳ ನಿಯಮಾವಳಿ ನೆನಪಿರಬೇಕಲ್ಲ. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಸರಣಿಯನ್ನು 3-1ರಿಂದ ಸೋತು ಬಂದಿದ್ದೆವು. ಯಾರಾದರೂ ಉತ್ತರ ಕೊಡಲೇಬೇಕಿತ್ತು. ಕೋಚ್ ಇದ್ದರು, ಆಯ್ಕೆ ಸಮಿತಿ ಇತ್ತು, ರನ್ ಹೊಡೆಯದ ಬ್ಯಾಟ್ಸ್‌ಮನ್‌ಗಳಂತೂ ಸಾಲುಸಾಲಾಗಿದ್ದರು. ಇಷ್ಟೆಲ್ಲ ಜನರ ನಡುವೆ ಹುಡುಕಿ ಹುಡುಕಿ ಗ್ಯಾಲರಿಯಲ್ಲಿ ಕೂತವರನ್ನು ಹಿಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ.

ನಿಯಮ ಓದಲು ಮಜವಾಗಿದೆ. ಪ್ರವಾಸ 45 ದಿನ ಮೀರಿದರೆ ಸಂಗಾತಿ ಮತ್ತು 18 ವರ್ಷದೊಳಗಿನ ಮಕ್ಕಳು ಒಂದು ಸಲ ಬಂದು ಎರಡು ವಾರದವರೆಗೆ ಇರಬಹುದು. ಅದೇ ಕಾಗದದಲ್ಲಿ ಲಗೇಜಿನ ಲೆಕ್ಕವೂ ಇದೆ: 30 ದಿನ ಮೀರಿದ ಪ್ರವಾಸಕ್ಕೆ 5 ಬ್ಯಾಗು, 150 ಕಿಲೋ. ಸೂಟ್‌ಕೇಸು ಪ್ರವಾಸ ಪೂರ್ತಿ ಜೊತೆಗಿರಬಹುದು, ಹೆಂಡತಿ ಎರಡು ವಾರ. ಸೂಟ್‌ಕೇಸಿನಿಂದ ಬ್ಯಾಟಿಂಗ್ ಕೆಟ್ಟ ಉದಾಹರಣೆ ಇಲ್ಲ ಅಂತ ಇರಬೇಕು.

ಇದಕ್ಕೆ ವಿನಾಯಿತಿ ಬೇಕಾದರೆ ಮೊದಲೇ ಒಪ್ಪಿಗೆ ಪಡೆಯಬೇಕು. ಯಾರದ್ದು? ಕೋಚ್, ಕ್ಯಾಪ್ಟನ್ ಮತ್ತು ಮಂಡಳಿಯ ಜನರಲ್ ಮ್ಯಾನೇಜರ್. ಸುಮ್ನೆ ಒಮ್ಮೆ ಊಹಿಸಿಕೊಳ್ಳಿ. ತಂಡದ ಓಪನರ್ ಹೋಟೆಲ್ ಕಾರಿಡಾರಿನಲ್ಲಿ ಅರ್ಜಿ ಹಿಡಿದು ನಿಂತಿದ್ದಾನೆ. 'ಸರ್, ಇನ್ನೂ ಮೂರು ದಿನ ನನ್ನ ಹೆಂಡತಿ ನನ್ನ ಜೊತೆ ಇರಬಹುದಾ?' ಕೋಚ್ ಕನ್ನಡಕ ಏರಿಸಿ ಕೇಳುತ್ತಾರೆ, 'ಕಳೆದ ಇನಿಂಗ್ಸ್‌ನಲ್ಲಿ ಎಷ್ಟು ಹೊಡೆದೆ?' 'ನಾಲ್ಕು, ಸರ್.' 'ಹಾಗಾದರೆ ಅರ್ಧ ದಿನ.' ಇನ್ನು ಕ್ಯಾಪ್ಟನ್‌ಗೇ ವಿನಾಯಿತಿ ಬೇಕಾದರೆ? ಅವನೇ ಬರೆದು, ಅವನೇ ಓದಿ, ಅವನೇ ಸಹಿ ಹಾಕಿಕೊಳ್ಳಬೇಕಾಗುತ್ತೆ ಪಾಪ.

ಈಗ ಆ ಸರಣಿಯನ್ನೇ ನೋಡಿ. ಪರ್ತ್‌ನಲ್ಲಿ ಕೊಹ್ಲಿ ಶತಕ ಹೊಡೆದಾಗ ಹೆಂಡತಿ ಅನುಷ್ಕಾ ಗ್ಯಾಲರಿಯಲ್ಲೇ ಇದ್ದರು. ಆ ಟೆಸ್ಟನ್ನು 295 ರನ್‌ಗಳಿಂದ ಗೆದ್ದೆವು. ಇಡೀ ಸರಣಿಯಲ್ಲಿ ಗೆದ್ದಿದ್ದು ಅದೊಂದೇ. ಬುಮ್ರಾ ಒಬ್ಬರೇ 32 ವಿಕೆಟ್ ತೆಗೆದರು. ಅವರಿಗೂ ಹೆಂಡತಿ ಇದ್ದಾರೆ, ಮಗು ಇದೆ. ಇದರ ಪುಣ್ಯವನ್ನು ಯಾರಾದರೂ ಹೆಂಡತಿಯರ ಖಾತೆಗೆ ಹಾಕಿದರಾ? ಇಲ್ಲ. ಪುಣ್ಯವೆಲ್ಲ ಪ್ರತಿಭೆಗೆ, ಪಾಪವೆಲ್ಲ ಸಂಸಾರಕ್ಕೆ. ಕೊಹ್ಲಿ ಆ ಸರಣಿಯಲ್ಲಿ ಎಂಟು ಸಲ ಔಟಾಗಿದ್ದು ಬಹುತೇಕ ಒಂದೇ ರೀತಿ, ಆಫ್ ಸ್ಟಂಪ್ ಆಚೆ ಹೋಗುವ ಚೆಂಡನ್ನು ಕೆಣಕಿ. ಅದು ತಂತ್ರದ ಸಮಸ್ಯೆ, ಬೌಲರಿಗೆ ಗೊತ್ತು, ಟಿವಿ ನೋಡುವ ಮಕ್ಕಳಿಗೂ ಗೊತ್ತು.

ಇದೇನು ಹೊಸ ಚಾಳಿಯೂ ಅಲ್ಲ ಬಿಡಿ. 2015ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕೊಹ್ಲಿ 1 ರನ್ನಿಗೆ ಔಟಾದಾಗ ಬೈಗುಳ ಬಿದ್ದಿದ್ದು ಅನುಷ್ಕಾಗೆ. ಆಗಿನ್ನೂ ಮದುವೆಯೂ ಆಗಿರಲಿಲ್ಲ! ಅದರಲ್ಲಿ ಟಿವಿಯವರ ಪಾಲೂ ಇದೆ. ಸಿಕ್ಸರ್ ಹೋದರೆ ಕ್ಯಾಮೆರಾ ಹೆಂಡತಿಯ ಚಪ್ಪಾಳೆಗೆ, ವಿಕೆಟ್ ಬಿದ್ದರೆ ಕ್ಯಾಮೆರಾ ಹೆಂಡತಿಯ ಮುಖಕ್ಕೆ. ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದನ್ನು ನಿಧಾನಗತಿಯಲ್ಲಿ ಎರಡೆರಡು ಸಲ ತೋರಿಸುತ್ತಾರೆ. ಎಸೆದ ಬೌಲರ್‌ಗಿಂತ ಜಾಸ್ತಿ ಹೊತ್ತು ಆಕೆಯೇ ಪರದೆ ಮೇಲೆ. ನೋಡಿದವರಿಗೆ ಬಾಲ್ ಹಾಕಿದ್ದೂ ಆಕೆಯೇ ಅನ್ನಿಸಿಬಿಡಬೇಕು.

ಇಂಗ್ಲೆಂಡಿನವರು ಇದರ ಎರಡೂ ಬದಿ ನೋಡಿದ್ದಾರೆ. 2006ರ ಫುಟ್‌ಬಾಲ್ ವಿಶ್ವಕಪ್‌ಗೆ ಆಟಗಾರರ ಹೆಂಡತಿಯರು, ಗೆಳತಿಯರು ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ಬೀಡುಬಿಟ್ಟರು, ಹಿಂದೆಯೇ ಫೋಟೋಗ್ರಾಫರ್‌ಗಳ ದಂಡು. ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ಎದುರು ಪೆನಾಲ್ಟಿಯಲ್ಲಿ ಸೋತಿತು. ತಪ್ಪು ಯಾರದು? ಗೊತ್ತೇ ಇದೆಯಲ್ಲ. 2010ಕ್ಕೆ ಕೋಚ್ ಕಪೆಲ್ಲೊ ಕಟ್ಟುನಿಟ್ಟು ಮಾಡಿ ಕುಟುಂಬಗಳನ್ನು ದೂರ ಇಟ್ಟರು. ಈ ಸಲ ತಂಡ ಕ್ವಾರ್ಟರ್ ಫೈನಲ್ಲಿಗೂ ಹೋಗಲಿಲ್ಲ, ಜರ್ಮನಿ 4-1ರಿಂದ ಹೊಡೆದು ಕಳಿಸಿತು. ಹೆಂಡತಿಯರು ದೂರದಿಂದಲೇ ಸೋಲಿಸುವ ವಿದ್ಯೆಯನ್ನೂ ಕಲಿತಿದ್ದರು ಅನ್ನಿಸುತ್ತೆ.

ಆ ಹತ್ತು ಅಂಶಗಳಲ್ಲಿ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳಲ್ಲ. ಎಲ್ಲರೂ ತಂಡದ ಬಸ್ಸಲ್ಲೇ ಬನ್ನಿ ಅಂದಿದ್ದು ಸರಿ. ದೇಶಿ ಕ್ರಿಕೆಟ್ ಆಡಿ ಅಂದಿದ್ದಂತೂ ನೂರಕ್ಕೆ ನೂರು ಸರಿ, ಬ್ಯಾಟಿಂಗ್ ರೋಗಕ್ಕೆ ಆ ಪಟ್ಟಿಯಲ್ಲಿದ್ದ ನಿಜವಾದ ಮದ್ದು ಅದೊಂದೇ. ಕೊಹ್ಲಿ 2012ರ ನಂತರ ಮೊದಲ ಸಲ ರಣಜಿ ಆಡಿದ್ದೂ ಆಗಲೇ. ದೆಹಲಿಯಲ್ಲಿ, ಸ್ವಂತ ಊರಲ್ಲಿ. 6 ರನ್, ಬೌಲ್ಡ್. ಆದರೆ ಹನ್ನೆರಡು ವರ್ಷ ರಣಜಿ ಆಡದೆ ಇರೋಕೆ ಬಿಟ್ಟಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಚರ್ಚೆ ಪೂರ್ತಿ ಹೋಟೆಲ್ ರೂಮಿನ ಬಾಗಿಲಲ್ಲೇ ನಿಂತಿತ್ತು. ಮೈದಾನದಿಂದ ಬಂದು ರೂಮಿನಲ್ಲಿ ಒಬ್ಬನೇ ಮುಖ ಊದಿಸಿಕೊಂಡು ಕೂರೋಕೆ ನನಗಿಷ್ಟವಿಲ್ಲ ಅಂತ ಆ ಮಾರ್ಚ್‌ನಲ್ಲಿ ಕೊಹ್ಲಿ ಬಾಯಿಬಿಟ್ಟು ಹೇಳಿದರು. ನಿಯಮ ಬದಲಾಗಲ್ಲ ಅಂತ ಮಂಡಳಿ ಹೇಳಿತು.

ನನಗೆ ಬಗೆಹರಿಯದೆ ಉಳಿದಿರುವುದು ಸ್ವದೇಶದ ಸೋಲುಗಳು. ಆಸ್ಟ್ರೇಲಿಯಾಕ್ಕೆ ಹೋಗುವ ಮೊದಲೇ ನ್ಯೂಜಿಲೆಂಡ್ ನಮ್ಮಲ್ಲಿಗೇ ಬಂದು 3-0 ಹೊಡೆದು ಹೋಯಿತಲ್ಲ, ಬೆಂಗಳೂರಿನಲ್ಲಿ 46ಕ್ಕೆ ಆಲೌಟ್ ಆದೆವಲ್ಲ, ಅದಕ್ಕೆ ಯಾರ ವೀಸಾ ರದ್ದು ಮಾಡಬೇಕಿತ್ತು? ನಿಯಮ ಬಂದ ಮೇಲಾದರೂ ಸರಿಹೋಗಬೇಕಿತ್ತು. 2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಬಂತು, 2-0 ಗೆದ್ದಿತು, ಗುವಾಹಟಿಯಲ್ಲಿ 408 ರನ್‌ಗಳ ಸೋಲು, ರನ್ ಲೆಕ್ಕದಲ್ಲಿ ನಮ್ಮ ಟೆಸ್ಟ್ ಇತಿಹಾಸದಲ್ಲೇ ಅತಿ ದೊಡ್ಡದು. ಪ್ರವಾಸವೇ ಇಲ್ಲ, 45 ದಿನವೂ ಇಲ್ಲ. ಹನ್ನೊಂದನೇ ಅಂಶ ಬರೆಯುವವರು ಇನ್ನು ಮಾವನ ಮನೆಯವರನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.